ಸೋಂಕಿನೊಡನೆ ಬದುಕುವವರೇ ಆರೋಗ್ಯ ಕಾರ್ಯಕರ್ತೆಯರಾದಾಗ: ಲೊಕ್ಕನಹಳ್ಳಿಯಂಥ ಊರುಗಳಿಗೆ ಮೈಸೂರು ಹೇಳಿಕೊಟ್ಟದ್ದು

ಕರಾವಳಿಯವರಾದ ನಮಗೆ ಲೊಕ್ಕನಹಳ್ಳಿ ಎಂಬ ಹೆಸರು ಅಷ್ಟಾಗಿ ಪರಿಚಿತವಲ್ಲ. ಚಾಮರಾಜನಗರ ಜಿಲ್ಲೆಯ ಹನೂರು ತಾಲೂಕಿನ ಊರಿದು. ಮೊದಲು ಕೊಳ್ಳೇಗಾಲ ತಾಲೂಕಿಗೆ ಸೇರಿತ್ತು. ಈ ಸೀಮೆಯು 1956ರವರೆಗೆ ಮದರಾಸು ಪ್ರಾಂತ್ಯದ ಕೊಯಮತ್ತೂರು ಜಿಲ್ಲೆಯಲ್ಲಿದ್ದು, ಭಾಷಾವಾರು ವಿಂಗಡಣೆಯಲ್ಲಿ ಕನ್ನಡನಾಡಿಗೆ ಬಂದಿತು. ಸುತ್ತಲೂ ಕಾಡು, ಸೋಲಿಗರ ಹಾಡಿಗಳು, ಹತ್ತಿರದ ಒಡೆಯರಪಾಳ್ಯದಲ್ಲಿ ಟಿಬೆಟಿಯನ್ನರ ವಸತಿ, ಮಾರ್ಟಳ್ಳಿಯ ಕಡೆ ತಮಿಳು ಮಾತನಾಡುವ ಕಥೋಲಿಕರ ದೊಡ್ಡ ಸಮುದಾಯ. ಮಳೆ ನಂಬಿದ ಬೇಸಾಯ. ಮಳೆ ಕೈಕೊಟ್ಟಾಗ ಕಲ್ಲುಕ್ವಾರಿಗೆ, ಕಾಫಿ ತೋಟಕ್ಕೆ, ಗಡಿಯಾಚೆಯ ತಮಿಳುನಾಡಿಗೆ ಕೂಲಿ ಅರಸಿ ಹೋಗುವುದು ಇಲ್ಲಿಯ ಎಷ್ಟೋ ಕುಟುಂಬಗಳ ಬದುಕಿನ ಕ್ರಮ.

ಇಂಥ ಊರಿನ ಹೆಂಗಸೊಬ್ಬಳಿಗೆ ಗರ್ಭಿಣಿಯಾಗಿದ್ದಾಗಿನ ರಕ್ತಪರೀಕ್ಷೆಯಲ್ಲಿ ಎಚ್.ಐ.ವಿ. ಸೋಂಕು ಇರುವುದು ತಿಳಿಯಿತೆಂದು ಇಟ್ಟುಕೊಳ್ಳೋಣ. ಅವಳು ಮುಂದೆ ಯಾರನ್ನು ಕೇಳಬೇಕು? ಗಂಡನನ್ನೇ? ಅತ್ತೆಯನ್ನೇ? ಪ್ರಾಥಮಿಕ ಆರೋಗ್ಯ ಕೇಂದ್ರದ ದಾದಿ ಪಕ್ಕದ ಬೀದಿಯವಳೇ ಆಗಿರಬಹುದು. ಗುರುಗಳ ಬಳಿ ಹೇಳಿಕೊಳ್ಳಲು ಎಲ್ಲರಿಗೂ ಧೈರ್ಯ ಬರುವುದಿಲ್ಲವೆಂಬುದು ನಮ್ಮಂಥವರಿಗೆ ಚೆನ್ನಾಗಿ ಗೊತ್ತಿರುವ ವಿಷಯ. ವೈದ್ಯರು ಔಷಧ ಬರೆದುಕೊಡುತ್ತಾರೆ, ಆಪ್ತಸಮಾಲೋಚಕರು ಅರ್ಧ ಗಂಟೆ ಮಾತನಾಡುತ್ತಾರೆ. ಆದರೆ ಮನೆಗೆ ಮರಳಿದ ಮೇಲೆ ಮಾತ್ರೆಯ ಡಬ್ಬಿಯನ್ನು ಎಲ್ಲಿ ಇಡುವುದು, ಯಾಕೆ ಪ್ರತಿದಿನ ಮಾತ್ರೆ ನುಂಗುತ್ತೀಯೆಂದು ನಾದಿನಿ ಕೇಳಿದರೆ ಏನು ಹೇಳುವುದು ಎಂಬ ಪ್ರಶ್ನೆಗಳಿಗೆ ಉತ್ತರ ಯಾವ ವೈದ್ಯಕೀಯ ಪುಸ್ತಕದಲ್ಲಿಯೂ ಇಲ್ಲ. ಅದೇ ಡಬ್ಬಿಯನ್ನು ಹತ್ತು ವರ್ಷ ಬಚ್ಚಿಟ್ಟು ಬದುಕಿದ ಇನ್ನೊಬ್ಬ ಹೆಣ್ಣುಮಗಳ ಬಳಿ ಇದೆ. ಸೋಂಕಿನೊಡನೆ ಬದುಕುವ ಮಹಿಳೆಯರು ತಾವೇ ಆರೋಗ್ಯ ಕಾರ್ಯಕರ್ತೆಯರಾಗುವ ಕ್ರಮ ಇಂಥ ಅಗತ್ಯದಿಂದ ಹುಟ್ಟಿದೆ. ಅದು ಹೇಗೆ ಬೆಳೆಯಿತು, ಅದರಿಂದ ಏನು ಪ್ರಯೋಜನ, ಅದಕ್ಕೆ ಇಂದು ಇರುವ ಅಡ್ಡಿಗಳೇನು ಎಂಬುದನ್ನು ವಿವರಿಸುವುದು ಈ ಲೇಖನದ ಉದ್ದೇಶ.

ಭಾರತದಲ್ಲಿ ಎಚ್.ಐ.ವಿ. ಮೊದಲು ಪತ್ತೆಯಾದದ್ದು 1986ರಲ್ಲಿ, ಚೆನ್ನೈಯಲ್ಲಿ. ಡಾ. ಸುನೀತಿ ಸೊಲೊಮನ್ ಅವರ ಮಾರ್ಗದರ್ಶನದಲ್ಲಿ ನಿರ್ಮಲಾ ಸೆಲ್ಲಪ್ಪನ್ ಎಂಬ ವಿದ್ಯಾರ್ಥಿನಿ ರಕ್ತದ ಮಾದರಿಗಳನ್ನು ಸಂಗ್ರಹಿಸಿದ್ದರು, ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿ ಅವುಗಳ ಪರೀಕ್ಷೆ ನಡೆಯಿತು. ಅಂದಿನಿಂದ ಸುಮಾರು ಹದಿನೈದು ವರ್ಷ ಈ ರೋಗವೆಂದರೆ ಮರಣಪತ್ರವೆಂದೇ ಜನ ತಿಳಿದಿದ್ದರು. ಗೋಡೆಗಳ ಮೇಲೆ ಬರೆಸಿದ ಭಯ ಹುಟ್ಟಿಸುವ ಚಿತ್ರಗಳೂ ಆ ತಿಳುವಳಿಕೆಯನ್ನೇ ಬಲಪಡಿಸಿದವು. 2004ರ ಏಪ್ರಿಲ್ 1ರಂದು ಕೇಂದ್ರ ಸರಕಾರವು ಕರ್ನಾಟಕವೂ ಸೇರಿದಂತೆ ಸೋಂಕು ಹೆಚ್ಚಿದ್ದ ರಾಜ್ಯಗಳಲ್ಲಿ ಉಚಿತ ಎ.ಆರ್.ಟಿ. ಚಿಕಿತ್ಸೆಯನ್ನು ಆರಂಭಿಸಿದ ಮೇಲೆ ಚಿತ್ರ ಬದಲಾಯಿತು. ಸಾಯುವವರು ಬದುಕತೊಡಗಿದರು. ಬದುಕಿದವರಿಗೆ ಜೀವನಪೂರ್ತಿ ಮಾತ್ರೆ ತಪ್ಪಿಸದಿರುವ ಹೊಣೆ ಬಂತು. ರೋಗಿಯ ಪಕ್ಕದಲ್ಲಿ ನಿಲ್ಲುವ ಜೊತೆಗಾರ್ತಿಯ ಅಗತ್ಯ ನಿಜಕ್ಕೂ ಆಗ ಆರಂಭವಾಯಿತು ಎನ್ನಬೇಕು.

ಆದರೆ ಈ ಯೋಚನೆ ಅದಕ್ಕಿಂತ ಹಳೆಯದು. 1983ರಲ್ಲಿ ಅಮೆರಿಕದ ಡೆನ್ವರ್ ನಗರದಲ್ಲಿ ಸೇರಿದ್ದ ಏಡ್ಸ್ ರೋಗಿಗಳು, ತಮ್ಮನ್ನು ಬಲಿಪಶುಗಳೆಂದು ಕರೆಯಬಾರದು, ತಮ್ಮ ಬಗ್ಗೆ ತೀರ್ಮಾನವಾಗುವಲ್ಲಿ ತಾವೂ ಇರಬೇಕು ಎಂದು ಕೇಳಿದರು. 1987ರಲ್ಲಿ ಉಗಾಂಡದಲ್ಲಿ ನೊಯೆರಿನ್ ಕಲೀಬಾ ಎಂಬ ಮಹಿಳೆ, ಏಡ್ಸ್‌ನಿಂದ ಪತಿಯನ್ನು ಕಳೆದುಕೊಂಡ ವರ್ಷದಲ್ಲಿಯೇ, ಇತರರೊಡನೆ ಸೇರಿ ಟಾಸೋ ಎಂಬ ಸಂಸ್ಥೆ ಕಟ್ಟಿದರು. 1994ರ ಪ್ಯಾರಿಸ್ ಸಮ್ಮೇಳನದಲ್ಲಿ 42 ದೇಶಗಳು ಸೋಂಕಿತರ ಪಾಲ್ಗೊಳ್ಳುವಿಕೆಯನ್ನು ತತ್ವವಾಗಿ ಒಪ್ಪಿದವು. ದಕ್ಷಿಣ ಆಫ್ರಿಕದಲ್ಲಿ 2001ರಲ್ಲಿ ಆರಂಭವಾದ ‘ಮದರ್ಸ್ ಟು ಮದರ್ಸ್’ ಸೋಂಕಿತ ತಾಯಂದಿರನ್ನೇ ಸಂಬಳ ಕೊಟ್ಟು ನೇಮಿಸಿ, ಹೊಸದಾಗಿ ಸೋಂಕು ತಿಳಿದ ಗರ್ಭಿಣಿಯರ ಜೊತೆ ಕೂರಿಸಿತು. ನಮ್ಮ ಪಕ್ಕದ ತಮಿಳುನಾಡಿನಲ್ಲಿ 1998ರಲ್ಲಿ ಪಿ. ಕೌಸಲ್ಯಾ ಮತ್ತು ಅವರ ಜೊತೆಗಾರ್ತಿಯರು ‘ಪಾಸಿಟಿವ್ ವಿಮೆನ್ಸ್ ನೆಟ್‌ವರ್ಕ್’ ಕಟ್ಟಿದರು. ಮದುವೆಯಾದ ಗಂಡನಿಂದಲೇ ಸೋಂಕು ಪಡೆದ ಯುವ ವಿಧವೆಯರು ಸಾರ್ವಜನಿಕವಾಗಿ ಮಾತನಾಡಿದ್ದು ಅಂದಿಗೆ ಸಣ್ಣ ವಿಷಯವಾಗಿರಲಿಲ್ಲ. ಕರ್ನಾಟಕದಲ್ಲಿಯೂ ಸೋಂಕಿತರ ಜಿಲ್ಲಾ ಸಂಘಗಳು ಮತ್ತು ಅವುಗಳ ರಾಜ್ಯ ಒಕ್ಕೂಟ ಬೆಳೆದವು.

ಇನ್ನು ಲೊಕ್ಕನಹಳ್ಳಿಗೆ ದೊಡ್ಡಾಸ್ಪತ್ರೆಯ ನಗರವಾದ ಮೈಸೂರಿಗೆ ಬರೋಣ. ಈ ವಿಷಯದಲ್ಲಿ ಮೈಸೂರು ದೇಶಕ್ಕೇ ಪಾಠ ಹೇಳಿದ ಊರು, ಮತ್ತು ಹೇಳಿದವರು ಯಾರೆಂದು ಕೇಳಿದರೆ ನಮ್ಮ ಓದುಗರಲ್ಲಿ ಕೆಲವರು ಹುಬ್ಬೇರಿಸಬಹುದು. ಅವರು ಲೈಂಗಿಕ ವೃತ್ತಿಯಲ್ಲಿದ್ದ ಮಹಿಳೆಯರು. 2004ರಲ್ಲಿ ಮೈಸೂರಿನಲ್ಲಿ ಕೆನಡಾದ ಮ್ಯಾನಿಟೋಬಾ ವಿಶ್ವವಿದ್ಯಾಲಯದ ಡಾ. ಸುಶೇನಾ ರೆಜಾ-ಪಾಲ್ ಮೊದಲಾದವರ ನೇತೃತ್ವದಲ್ಲಿ, ಬಿಲ್ ಮತ್ತು ಮೆಲಿಂಡಾ ಗೇಟ್ಸ್ ಪ್ರತಿಷ್ಠಾನದ ‘ಆವಾಹನ್’ ಯೋಜನೆಯ ನೆರವಿನಿಂದ ಒಂದು ಕಾರ್ಯಕ್ರಮ ಆರಂಭವಾಯಿತು. ಆ ವರ್ಷದ ಸಮೀಕ್ಷೆಯಲ್ಲಿ ಈ ಮಹಿಳೆಯರಲ್ಲಿ ಸುಮಾರು ನಾಲ್ವರಿಗೆ ಒಬ್ಬರಂತೆ, ಶೇಕಡ 26 ಮಂದಿಗೆ, ಸೋಂಕು ಕಂಡುಬಂದಿತ್ತು. 2005ರಲ್ಲಿ ಅವರೇ ‘ಆಶೋದಯ ಸಮಿತಿ’ ಎಂಬ ಹೆಸರಿನಲ್ಲಿ ಸಂಘಟಿತರಾದರು. ಕಾಂಡೋಮ್ ವಿಷಯದಲ್ಲಿ ಧರ್ಮಸಭೆಯ ಬೋಧನೆಗೂ ಇಂಥ ಸಂಘಟನೆಗಳ ಕಾರ್ಯವಿಧಾನಕ್ಕೂ ವ್ಯತ್ಯಾಸವಿದೆಯೆಂಬುದು ಎಲ್ಲರಿಗೂ ತಿಳಿದದ್ದೇ. ಆ ಚರ್ಚೆಯನ್ನು ಇಲ್ಲಿ ಎತ್ತುವುದಿಲ್ಲ. ನಾವು ಗಮನಿಸಬೇಕಾದ್ದು ಬೇರೆ.

ಮೊದಲು ಬೀದಿಯಲ್ಲಿ, ಬಸ್ ನಿಲ್ದಾಣದಲ್ಲಿ ತಮ್ಮಂಥವರನ್ನು ಹುಡುಕಿ ಚಿಕಿತ್ಸಾಲಯಕ್ಕೆ ಕರೆತರುವ ಕೆಲಸ ಅವರದಾಗಿತ್ತು. ಕ್ರಮೇಣ ಅವರೇ ಪೊಲೀಸರೊಡನೆ ಮಾತನಾಡಿ ಹಿಂಸೆಯನ್ನು ತಡೆಯತೊಡಗಿದರು, ಆಸ್ಪತ್ರೆಯಲ್ಲಿ ಹೊಸ ರೋಗಿಗಳ ಕೈಹಿಡಿದು ಒಂದು ಕಿಟಕಿಯಿಂದ ಇನ್ನೊಂದು ಕಿಟಕಿಗೆ ಕರೆದೊಯ್ದರು, ಮಾತ್ರೆ ಬಿಟ್ಟವರ ಮನೆಗೆ ಹೋದರು. ದೊಡ್ಡ ಆಸ್ಪತ್ರೆಯಲ್ಲಿ ಓದು ಬಾರದ ಹಳ್ಳಿಯ ಹೆಂಗಸು ಎಷ್ಟು ಕಂಗೆಡುತ್ತಾಳೆಂದು ಕಂಡವರಿಗೆ ಈ ಕೈಹಿಡಿಯುವ ಸೇವೆಯ ಬೆಲೆ ತಿಳಿದೀತು. 2008ರಲ್ಲಿ ವಿಶ್ವಬ್ಯಾಂಕು ಕಳಂಕ ನಿವಾರಣೆಗಾಗಿ ದಕ್ಷಿಣ ಏಷ್ಯಾದಲ್ಲಿ ನಡೆಸಿದ ಸ್ಪರ್ಧೆಯಲ್ಲಿ ಆಶೋದಯದ ಯೋಜನೆಯೊಂದು ಆಯ್ಕೆಯಾಯಿತು. ಅದೇನೆಂದರೆ, ಮೈಸೂರಿನಲ್ಲಿ ಒಂದು ಹೋಟೆಲ್! ಜನರು ಯಾರನ್ನು ಮುಟ್ಟಲು ಹಿಂಜರಿಯುತ್ತಾರೋ ಅವರ ಕೈಯಿಂದಲೇ ಊಟ ಬಡಿಸಿದರೆ ಹೇಗೆ ಎಂಬ ಸರಳ ಯೋಚನೆ. ಅನ್ನ ಹಂಚಿ ತಿನ್ನುವುದರ ಅರ್ಥವನ್ನು ಬಲ್ಲ ನಮಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಮುಂದೆ ಬೇರೆ ದೇಶಗಳ ಗುಂಪುಗಳೂ ಕಲಿಯಲೆಂದು ಮೈಸೂರಿಗೆ ಬಂದವು. 2020ರ ಲಾಕ್‌ಡೌನ್ ಕಾಲದಲ್ಲಿ ಬಸ್ಸುಗಳು ನಿಂತು ರೋಗಿಗಳು ಎ.ಆರ್.ಟಿ. ಕೇಂದ್ರಕ್ಕೆ ಬರಲಾಗದಿದ್ದಾಗ ಮಾತ್ರೆಗಳನ್ನು ಅವರಿದ್ದಲ್ಲಿಗೆ ತಲುಪಿಸುವ ಕೆಲಸದಲ್ಲಿಯೂ ಇವರು ಕೈಜೋಡಿಸಿದರು.

ಸಮುದಾಯದ ಈ ಕಾರ್ಯಕರ್ತೆಯರ ಜಾಗವನ್ನು ಯಂತ್ರಗಳು ತುಂಬಬಲ್ಲವೇ ಎಂದು ಕೇಳುವವರಿದ್ದಾರೆ. ಅದಕ್ಕೆ ಒಂದು ಒಳ್ಳೆಯ ಉತ್ತರ ದಕ್ಷಿಣ ಭಾರತದಲ್ಲಿಯೇ ಸಿಕ್ಕಿದೆ. ಬೆಂಗಳೂರಿನ ಸೇಂಟ್ ಜಾನ್ಸ್ ಸಂಸ್ಥೆಯ ಸಂಶೋಧಕರು ಸ್ವೀಡನ್ನಿನ ಸಹೋದ್ಯೋಗಿಗಳೊಡನೆ ಸೇರಿ, ಹೊಸದಾಗಿ ಎ.ಆರ್.ಟಿ. ಆರಂಭಿಸಿದ 631 ಮಂದಿಯ ಮೇಲೆ ಒಂದು ಅಧ್ಯಯನ ನಡೆಸಿದರು. ಅರ್ಧದಷ್ಟು ಜನರಿಗೆ ವಾರಕ್ಕೊಮ್ಮೆ ಮೊಬೈಲ್‌ಗೆ ಸ್ವಯಂಚಾಲಿತ ಕರೆ ಮತ್ತು ಚಿತ್ರಸಂದೇಶ ಹೋಗುತ್ತಿತ್ತು. ಸುಮಾರು ಎರಡು ವರ್ಷಗಳ ನಂತರ ನೋಡಿದರೆ, ಕರೆ ಬಂದವರಿಗೂ ಬಾರದವರಿಗೂ ಹೇಳಿಕೊಳ್ಳುವ ವ್ಯತ್ಯಾಸವೇ ಇರಲಿಲ್ಲ. 2014ರಲ್ಲಿ ಈ ಫಲಿತಾಂಶ ಪ್ರಕಟವಾಯಿತು. ಮಾತ್ರೆ ತಪ್ಪುವುದು ಮರೆವಿನಿಂದ ಮಾತ್ರ ಅಲ್ಲ ಎಂಬುದು ನಮ್ಮ ಅಭಿಪ್ರಾಯ. ಬಸ್ಸಿಗೆ ಕಾಸಿಲ್ಲದ್ದು, ಮದುವೆಮನೆಯಲ್ಲಿ ಎಲ್ಲರ ಎದುರು ಮಾತ್ರೆ ತೆಗೆಯಲಾಗದ್ದು, ಇನ್ನು ಯಾರಿಗಾಗಿ ಬದುಕಲಿ ಎಂಬ ಬೇಸರ, ಇವುಗಳಿಗೆ ಮೊಬೈಲಿನ ಗಂಟೆ ಏನು ಮಾಡೀತು?

ಹಾಗಾದರೆ ಇಂಥ ಕಾರ್ಯಕರ್ತೆ ನಿಜವಾಗಿ ಏನು ತಿಳಿದಿರಬೇಕು, ಏನು ತಿಳಿಸುತ್ತಾಳೆ?

ಎಲ್ಲಕ್ಕೂ ಮುಖ್ಯವಾದದ್ದು ತಾಯಿಯಿಂದ ಮಗುವಿಗೆ ಸೋಂಕು ಹರಡದಂತೆ ನೋಡಿಕೊಳ್ಳುವುದು. ಯಾವ ಚಿಕಿತ್ಸೆಯೂ ಇಲ್ಲದಿದ್ದರೆ ಗರ್ಭದಲ್ಲಿ, ಹೆರಿಗೆಯಲ್ಲಿ, ಎದೆಹಾಲಿನಲ್ಲಿ ಸೋಂಕು ದಾಟುವ ಸಾಧ್ಯತೆ ಶೇಕಡ 15ರಿಂದ 45ರಷ್ಟು ಇರುತ್ತದೆ. ತಾಯಿ ಸಕಾಲದಲ್ಲಿ ಚಿಕಿತ್ಸೆ ಪಡೆದರೆ ಅದು ಶೇಕಡ 5ಕ್ಕಿಂತಲೂ ಕೆಳಗಿಳಿಯುತ್ತದೆ. ಇದಕ್ಕೆ ತಾಯಿ ಗರ್ಭಿಣಿಯಾದೊಡನೆ ಪರೀಕ್ಷೆ ಮಾಡಿಸಿಕೊಳ್ಳಬೇಕು, ಮಾತ್ರೆ ಬಿಡಬಾರದು, ಆಸ್ಪತ್ರೆಯಲ್ಲಿ ಹೆರಬೇಕು, ಮಗುವಿಗೆ ಹುಟ್ಟಿದೊಡನೆ ಔಷಧದ ಸಿರಪ್ ಶುರುವಾಗಬೇಕು. ಎದೆಹಾಲು ಕೊಡುವುದಾದರೆ ಮೊದಲ ಆರು ತಿಂಗಳು ಎದೆಹಾಲೊಂದನ್ನೇ ಕೊಡಬೇಕು. ಮಗುವಿನ ಮೊದಲ ಪರೀಕ್ಷೆ ಆರನೆಯ ವಾರ, ಕೊನೆಯದು ಹದಿನೆಂಟನೆಯ ತಿಂಗಳು. ಈಗ ಲೆಕ್ಕ ಹಾಕಿ ನೋಡಿ: ಗರ್ಭದ ಒಂಬತ್ತು ತಿಂಗಳು, ಆಮೇಲೆ ಹದಿನೆಂಟು ತಿಂಗಳು. ಎರಡು ವರ್ಷಕ್ಕೂ ಮಿಕ್ಕಿ ಒಬ್ಬ ತಾಯಿಯನ್ನು ಬಿಡದೆ ಹಿಂಬಾಲಿಸಬೇಕು. ಈ ನಡುವೆ ಹೆರಿಗೆಗೆ ತವರಿಗೆ ಹೋಗುತ್ತಾಳೆ, ಕುಟುಂಬ ಕೂಲಿಗೆಂದು ತಮಿಳುನಾಡಿಗೆ ಹೊರಡುತ್ತದೆ, ಮಗುವಿಗೆ ಬೇಗ ರಾಗಿ ಸರಿ ತಿನ್ನಿಸೆಂದು ಅಜ್ಜಿ ಒತ್ತಾಯಿಸುತ್ತಾಳೆ. ಆಶಾ ಕಾರ್ಯಕರ್ತೆಗೆ ನೂರು ಕೆಲಸ. ತಾನೂ ಹೀಗೆ ಹದಿನೆಂಟನೆಯ ತಿಂಗಳ ಪರೀಕ್ಷೆಗಾಗಿ ಉಸಿರು ಬಿಗಿಹಿಡಿದು ಕಾದಿದ್ದ ತಾಯಿ ಮಾತ್ರ ಇಷ್ಟು ದೂರ ಜೊತೆ ನಡೆಯಬಲ್ಲಳು.

ಇನ್ನೊಂದು ವಿಷಯವನ್ನು ನಮ್ಮ ಧರ್ಮಕೇಂದ್ರಗಳಲ್ಲಿ ಇನ್ನೂ ಬಹಳ ಮಂದಿ ತಿಳಿದಿಲ್ಲ. ಸರಿಯಾಗಿ ಮಾತ್ರೆ ಸೇವಿಸಿ ರಕ್ತದಲ್ಲಿ ವೈರಾಣುವಿನ ಪ್ರಮಾಣ ಪರೀಕ್ಷೆಗೆ ಸಿಗದಷ್ಟು ಇಳಿದಿರುವ ವ್ಯಕ್ತಿಯಿಂದ ಬಾಳಸಂಗಾತಿಗೆ ಲೈಂಗಿಕ ಸಂಪರ್ಕದಿಂದ ಸೋಂಕು ಹರಡುವುದಿಲ್ಲ. ಇದರ ಮೊದಲ ಬಲವಾದ ಪುರಾವೆ 2011ರಲ್ಲಿ ಬಂತು. ಒಂಬತ್ತು ದೇಶಗಳ 1,763 ದಂಪತಿಗಳ ಆ ಅಧ್ಯಯನದಲ್ಲಿ ನಮ್ಮ ಚೆನ್ನೈ ಮತ್ತು ಪುಣೆಯವರೂ ಇದ್ದರು. ಮುಂದಿನ ಅಧ್ಯಯನಗಳು ಅದನ್ನು ದೃಢಪಡಿಸಿದವು. 2017ರಿಂದ ನಮ್ಮ ದೇಶದಲ್ಲಿ ಸೋಂಕು ಪತ್ತೆಯಾದ ಎಲ್ಲರಿಗೂ, ರೋಗನಿರೋಧಕ ಶಕ್ತಿ ಎಷ್ಟೇ ಇರಲಿ, ಕೂಡಲೇ ಚಿಕಿತ್ಸೆ ಕೊಡಲಾಗುತ್ತಿದೆ. ಇದನ್ನು ವೈದ್ಯರು ಹೇಳಿದರೆ ಜನ ತಲೆಯಾಡಿಸುತ್ತಾರೆ. ಸೋಂಕಿಲ್ಲದ ಮಗುವನ್ನು ಕಂಕುಳಲ್ಲಿ ಎತ್ತಿಕೊಂಡು ಬಂದ ತಾಯಿ ಹೇಳಿದರೆ ನಂಬುತ್ತಾರೆ.

ಕ್ಷಯ ಮತ್ತು ಗರ್ಭಕೊರಳಿನ ಕ್ಯಾನ್ಸರ್ ಬಗ್ಗೆಯೂ ಒಂದು ಮಾತು. ಸೋಂಕಿತ ಮಹಿಳೆಯರಿಗೆ ಗರ್ಭಕೊರಳಿನ ಕ್ಯಾನ್ಸರ್ ಬರುವ ಅಪಾಯ ಇತರರಿಗಿಂತ ಆರು ಪಟ್ಟು ಹೆಚ್ಚೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಎರಡು ವಾರ ಮೀರಿದ ಕೆಮ್ಮು, ಇಳಿಯುತ್ತಿರುವ ತೂಕ, ಅಕಾಲ ರಕ್ತಸ್ರಾವ, ಇವನ್ನು ಗುರುತಿಸಿ ಆಸ್ಪತ್ರೆಗೆ ಕಳುಹಿಸಲು ಪದವಿ ಬೇಕಿಲ್ಲ, ತರಬೇತಿ ಸಾಕು. ಹೀಗೆ ಎಚ್.ಐ.ವಿ.ಗಾಗಿ ತಯಾರಾದವಳು ಕ್ರಮೇಣ ಊರಿನ ಎಲ್ಲ ಹೆಂಗಸರ ಆರೋಗ್ಯಕ್ಕೂ ಬೇಕಾದವಳಾಗುತ್ತಾಳೆ.

ಇಷ್ಟೆಲ್ಲ ಒಳ್ಳೆಯದಾದರೆ ಪ್ರತಿ ಹೋಬಳಿಯಲ್ಲಿಯೂ ಇಂಥವರು ಯಾಕಿಲ್ಲ? ಎರಡು ಕಾರಣಗಳು ನಮಗೆ ಮುಖ್ಯವಾಗಿ ಕಾಣುತ್ತವೆ.

ಮೊದಲನೆಯದು, ಗುರುತಿಸಿಕೊಳ್ಳುವ ಅಪಾಯ. ಮೈಸೂರಿನಂಥ ನಗರದಲ್ಲಿ ಸಂಘಟನೆಯ ಬೆಂಬಲವಿರುತ್ತದೆ. ಲೊಕ್ಕನಹಳ್ಳಿಯಂಥ ಊರಿನಲ್ಲಿ ಒಬ್ಬಳು ಬಹಿರಂಗವಾಗಿ ಮಾತನಾಡಿದರೆ ನಾಳೆ ಅವಳ ಮಗಳ ಮದುವೆಯ ಮಾತು ಮುರಿಯಬಹುದು. 2006ರಲ್ಲಿ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ಆಶ್ರಯದಲ್ಲಿ ಪ್ರಕಟವಾದ, ಕರ್ನಾಟಕವೂ ಸೇರಿದಂತೆ ಆರು ರಾಜ್ಯಗಳ ಸಮೀಕ್ಷೆಯಲ್ಲಿ, ಸೋಂಕಿತ ವಿಧವೆಯರಲ್ಲಿ ಶೇಕಡ 79 ಮಂದಿಗೆ ಗಂಡನ ಆಸ್ತಿಯಲ್ಲಿ ಪಾಲು ಸಿಕ್ಕಿರಲಿಲ್ಲ, ಹತ್ತರಲ್ಲಿ ಒಂಬತ್ತು ಮಂದಿ ಗಂಡನ ಮನೆಯನ್ನೇ ಬಿಟ್ಟಿದ್ದರು. ಆ ಮೇಲೆ 2017ರಲ್ಲಿ ಎಚ್.ಐ.ವಿ. ಮತ್ತು ಏಡ್ಸ್ ಕಾಯ್ದೆ ಬಂತು, 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿದೆ. ಉದ್ಯೋಗ, ಶಾಲೆ, ಆಸ್ಪತ್ರೆ, ಬಾಡಿಗೆ ಮನೆ ಎಲ್ಲಿಯೂ ಭೇದ ಮಾಡಬಾರದು. ಒಪ್ಪಿಗೆಯಿಲ್ಲದೆ ಪರೀಕ್ಷೆ ಮಾಡಬಾರದು. ಒಬ್ಬರ ಸೋಂಕಿನ ವಿಷಯವನ್ನು ಅವರ ಒಪ್ಪಿಗೆಯಿಲ್ಲದೆ ಹೊರಗೆ ಹೇಳಬಾರದು. ಕೂಡಿ ಬಾಳುತ್ತಿದ್ದ ಮನೆಯಲ್ಲಿ ವಾಸಿಸುವ ಹಕ್ಕು ಅವರಿಗಿದೆ ಎಂದು ಅದು ಹೇಳುತ್ತದೆ. ಮದುವೆಗೆ ಮೊದಲು ಪರೀಕ್ಷೆ ಮಾಡಿಸಿಕೊಳ್ಳಿರೆಂದು ಸಲಹೆ ನೀಡುವುದು ಬೇರೆ, ವರದಿ ತಂದು ಕಚೇರಿಯಲ್ಲಿ ಕೊಡಿರೆಂದು ಒತ್ತಾಯಿಸುವುದು ಬೇರೆ ಎಂಬುದನ್ನು ವಿವಾಹ ಸಿದ್ಧತಾ ಶಿಬಿರ ನಡೆಸುವವರು ಗಮನಿಸಬೇಕು.

ಇದೇ ಸಂದರ್ಭದಲ್ಲಿ ಇನ್ನೊಂದನ್ನೂ ಹೇಳಿಬಿಡೋಣ. ಡಿಸೆಂಬರ್ 1 ಬಂತೆಂದರೆ ವೇದಿಕೆಯ ಮೇಲೆ ಒಬ್ಬ ಸೋಂಕಿತ ಮಹಿಳೆಯನ್ನು ನಿಲ್ಲಿಸಿ, ಅವಳ ಕಣ್ಣೀರಿನ ಕಥೆ ಕೇಳಿ, ಶಾಲು ಹೊದೆಸಿ, ಫೋಟೋ ತೆಗೆದು ಪತ್ರಿಕೆಗೆ ಕಳುಹಿಸುವ ಅಭ್ಯಾಸ ನಮ್ಮಲ್ಲಿ ಹಲವೆಡೆ ಇದೆ. ಡಿಸೆಂಬರ್ 2ರಂದು ಅವಳ ಗತಿಯೇನು? ಮಾತನಾಡುವ ಧೈರ್ಯವುಳ್ಳವರು ಮಾತನಾಡಲಿ, ಆದರೆ ಹೆಸರು, ಮುಖ, ಊರು ಯಾವುದು ಎಷ್ಟು ಹೊರಬರಬೇಕೆಂಬ ತೀರ್ಮಾನ ಅವರದೇ ಆಗಿರಬೇಕು. ಮುಖ ತೋರಿಸದೆಯೂ ಹತ್ತು ಮನೆಗಳಿಗೆ ಹೋಗಿ ಬರುವವಳು ವೇದಿಕೆಯ ಭಾಷಣಗಾರ್ತಿಗಿಂತ ಕಡಿಮೆಯೇನಲ್ಲ.

ಎರಡನೆಯ ಕಾರಣ ಹಣ. ಈ ಕಾರ್ಯಕರ್ತೆಯರನ್ನು ಯೋಜನೆಗಳು ಹುಟ್ಟಿಸುತ್ತವೆ, ಯೋಜನೆ ಮುಗಿದಾಗ ಅವರೂ ಮನೆಗೆ ಹೋಗುತ್ತಾರೆ. ಆವಾಹನ್ ಯೋಜನೆ ಹಂತಹಂತವಾಗಿ ಸರಕಾರಕ್ಕೆ ಹಸ್ತಾಂತರವಾಯಿತು. ಹಾಸಿಗೆಗಳಿದ್ದ ಸಮುದಾಯ ಆರೈಕೆ ಕೇಂದ್ರಗಳ ಯೋಜನೆ ನಿಂತು, 2013ರಲ್ಲಿ ‘ವಿಹಾನ್’ ಹೆಸರಿನ ಆರೈಕೆ ಮತ್ತು ಬೆಂಬಲ ಕೇಂದ್ರಗಳು ಬಂದವು. ಸೋಂಕಿತರನ್ನೇ ಸಹ ಆಪ್ತಸಮಾಲೋಚಕರಾಗಿ, ಕ್ಷೇತ್ರ ಕಾರ್ಯಕರ್ತರಾಗಿ ನೇಮಿಸಿದ್ದು ಇದರ ಒಳ್ಳೆಯ ಅಂಶ, ಗೌರವಧನ ಮಾತ್ರ ಅತ್ಯಲ್ಪ. 2025ರಲ್ಲಿ ಅಮೆರಿಕ ಸರಕಾರ ತನ್ನ ವಿದೇಶಿ ನೆರವನ್ನು ಹಠಾತ್ತನೆ ಕಡಿತಗೊಳಿಸಿದಾಗ ಆಫ್ರಿಕದ ಅನೇಕ ದೇಶಗಳಲ್ಲಿ ಮೊದಲು ಕೆಲಸ ಕಳೆದುಕೊಂಡವರಲ್ಲಿ ಇಂಥ ಸಮುದಾಯ ಕಾರ್ಯಕರ್ತೆಯರು ಸೇರಿದ್ದರು. ನಮ್ಮಲ್ಲಿ ಮಾತ್ರೆಗಳಿಗೆ ಕೇಂದ್ರ ಸರಕಾರವೇ ಹಣ ಕೊಡುವುದರಿಂದ ಅಷ್ಟು ದೊಡ್ಡ ಹೊಡೆತ ಬೀಳಲಿಲ್ಲ. ಆದರೂ ಒಬ್ಬಳು ದಿನದ ಕೂಲಿ ಬಿಟ್ಟು ಇನ್ನೊಬ್ಬಳನ್ನು ಆಸ್ಪತ್ರೆಗೆ ಕರೆದೊಯ್ದರೆ ಅವಳ ಕೂಲಿಯನ್ನು ಯಾರು ಕೊಡಬೇಕು? ಅದನ್ನು ಸೇವೆ, ತ್ಯಾಗ ಎಂದು ಕರೆದು ಸುಮ್ಮನಾಗುವುದು ನ್ಯಾಯವಲ್ಲ.

ಧರ್ಮಸಭೆ ಈ ಕ್ಷೇತ್ರದಲ್ಲಿ ಹಿಂದೆ ಬಿದ್ದಿಲ್ಲವೆಂಬುದನ್ನೂ ಸ್ಮರಿಸಬೇಕು. ಕಮಿಲಿಯನ್ ಗುರುಗಳು 1997ರಲ್ಲಿ ಬೆಂಗಳೂರಿನಲ್ಲಿ ಸ್ನೇಹದಾನ್ ಆರಂಭಿಸಿದರು, ನಮ್ಮ ಗುರುಪುರ ಕೈಕಂಬದ ಸ್ನೇಹಸದನವೂ ಅವರದೇ. 2005ರಲ್ಲಿ ಭಾರತದ ಕಥೋಲಿಕ ಧರ್ಮಾಧ್ಯಕ್ಷರ ಮಂಡಳಿ ಎಚ್.ಐ.ವಿ. ಕುರಿತು ತನ್ನ ನೀತಿಯನ್ನು ಪ್ರಕಟಿಸಿತು. ಕೊಳ್ಳೇಗಾಲದಿಂದ ಹನೂರಿಗೆ ಹೋಗುವ ದಾರಿಯ ಕಾಮಗೆರೆಯಲ್ಲಿ ಹೋಲಿಕ್ರಾಸ್ ಭಗಿನಿಯರ ಆಸ್ಪತ್ರೆ ಆ ಕಾಡಂಚಿನ ಜನರಿಗೆ ಆಸರೆಯಾಗಿದೆ. ಮಂಗಳೂರಿನ ಕಂಕನಾಡಿಯಲ್ಲಿ ಫಾದರ್ ಮುಲ್ಲರ್ 1890ರಲ್ಲಿ ಕುಷ್ಠರೋಗಿಗಳಿಗೆ ಆಶ್ರಯ ತೆರೆದಾಗಲೂ ಇದೇ ಭಯ, ಇದೇ ಮಾತುಗಳು ಊರಿನಲ್ಲಿದ್ದಿರಬೇಕು. ಆದರೆ ನಮ್ಮ ಈ ಸಂಸ್ಥೆಗಳಲ್ಲಿ ಹೆಚ್ಚಿನವು ಸೋಂಕಿತರನ್ನು ನೋಡಿಕೊಂಡವು. ಅವರನ್ನು ಸಹೋದ್ಯೋಗಿಗಳಾಗಿ ಮೇಜಿನ ಈಚೆಗೆ ಕೂರಿಸುವುದರಲ್ಲಿ ನಾವು ಮೈಸೂರಿನ ಆ ಮಹಿಳೆಯರಿಂದ ಕಲಿಯುವುದು ಇನ್ನೂ ಇದೆ.

ದೇಶದಲ್ಲಿ 2023ರ ಅಂದಾಜಿನಂತೆ 25 ಲಕ್ಷಕ್ಕೂ ಹೆಚ್ಚು ಜನ ಎಚ್.ಐ.ವಿ.ಯೊಡನೆ ಬದುಕುತ್ತಿದ್ದಾರೆ. ಅವರಲ್ಲಿ ಶೇಕಡ 44ರಷ್ಟು ಮಹಿಳೆಯರು. ಸಂಖ್ಯೆಯಲ್ಲಿ ಮಹಾರಾಷ್ಟ್ರ, ಆಂಧ್ರಪ್ರದೇಶಗಳ ನಂತರ ಕರ್ನಾಟಕವಿದೆ. ಹೊಸ ಸೋಂಕುಗಳು ಇಳಿದಿರುವುದರಿಂದ ಜನರ ಗಮನವೂ ಇಳಿದಿದೆ.

ಲೊಕ್ಕನಹಳ್ಳಿಯಂಥ ಊರಿಗೆ ಇಂದು ಕೆಲವು ಅನುಕೂಲಗಳು ಹೊಸದಾಗಿ ಸೇರಿವೆ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ರಾಜ್ಯದ ಮಹಿಳೆಯರು ಸಾಮಾನ್ಯ ಸರಕಾರಿ ಬಸ್ಸುಗಳಲ್ಲಿ ಟಿಕೆಟಿನ ಹಣವಿಲ್ಲದೆ ಪ್ರಯಾಣಿಸುತ್ತಾರೆ. ಚಿಕಿತ್ಸೆಗೆ ಹೋಗುವವಳಿಗೂ ಅವಳ ಜೊತೆಗಾರ್ತಿಗೂ ಇದು ಸಣ್ಣ ಸಹಾಯವಲ್ಲ. ಸ್ಥಿರವಾಗಿರುವ ರೋಗಿಗಳಿಗೆ ಒಂದೇ ಸಲಕ್ಕೆ ಕೆಲವು ತಿಂಗಳ ಮಾತ್ರೆ ಕೊಡುವ ಕ್ರಮವೂ ಇದೆ. ರಾಷ್ಟ್ರೀಯ ಸಹಾಯವಾಣಿ 1097ಕ್ಕೆ ಹೆಸರು ಹೇಳದೆಯೇ ಉಚಿತವಾಗಿ ಕರೆ ಮಾಡಬಹುದು. ಧರ್ಮಕೇಂದ್ರಗಳು ಮತ್ತು ಸ್ತ್ರೀ ಸಂಘಟನೆಗಳು ಮಾಡಬಹುದಾದದ್ದು ಇದಕ್ಕೆ ಜೋಡಿಸಿದ ಕೆಲಸ: ತಿಂಗಳಿಗೊಮ್ಮೆ ಈ ಮಹಿಳೆಯರು ಯಾರ ಕಣ್ಣಿಗೂ ಬೀಳದೆ ಸೇರಿ ಮಾತನಾಡಲು ಬಾಗಿಲು ಹಾಕಿಕೊಳ್ಳಬಹುದಾದ ಒಂದು ಕೋಣೆ, ಮತ್ತು ಜೊತೆಗೆ ಹೋಗುವವಳಿಗೆ ಆ ದಿನದ ಕೂಲಿ. ಕೋಣೆಯ ಬಾಗಿಲಿಗೆ ಯಾವ ಫಲಕವನ್ನೂ ಹಾಕಬೇಡಿ.